ಗೊತ್ತಿತ್ತು, ಬಾಯಿಗೆ ಬರಲಿಲ್ಲ

ಭಾನುವಾರದ ಪುರವಣಿಯಲ್ಲಿ ಬರುವ ಹತ್ತು ಪ್ರಶ್ನೆಗಳ ಕ್ವಿಜ್ ನಮ್ಮ ಸಾಮಾನ್ಯ ಜ್ಞಾನವನ್ನು ಅಳೆಯುತ್ತದೆ ಅಂತ ಯಾರು ಹೇಳಿದರೋ ಕಾಣೆ. ನಮ್ಮ ಮನೆಯಲ್ಲಂತೂ ಅದು ಅಳೆಯುವುದು ಒಬ್ಬೊಬ್ಬರ ಪ್ರಾಮಾಣಿಕತೆಯನ್ನು. ಉತ್ತರಗಳನ್ನು ಪುಟದ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ತಲೆಕೆಳಗಾಗಿ ಅಚ್ಚು ಹಾಕಿರುತ್ತಾರೆ. ಅಷ್ಟಕ್ಕೇ ಓದುಗರ ಕಣ್ಣು ಕಟ್ಟಿದ ಹಾಗಾಯಿತು ಎಂದು ಸಂಪಾದಕರು ನಂಬಿರಬೇಕು. ನಮ್ಮ ಯಜಮಾನರು ಪತ್ರಿಕೆಯನ್ನು ಟೀಪಾಯಿ ಮೇಲೆ ಹರಡಿಕೊಂಡು ಪ್ರಶ್ನೆ ಓದುತ್ತಾರೆ. ಎದುರಿಗೆ ಕೂತು ಹುರುಳಿಕಾಯಿ ನಾರು ತೆಗೆಯುವ ನನಗೆ ಅವರ ತಲೆಕೆಳಗು ನೆಟ್ಟಗೇ ಕಾಣುತ್ತದೆ. ನಾನಾಗಿ ನೋಡುವುದಿಲ್ಲ. ಕಣ್ಣಿಗೆ ಬಿದ್ದರೆ ಏನು ಮಾಡಲಿ? ಆದರೆ ಒಮ್ಮೆ ಬುರ್ಕಿನಾ ಫಾಸೊದ ರಾಜಧಾನಿ ವಾಗಡೂಗು ಎಂದು ಕಾಯಿ ಮುರಿಯುತ್ತಲೇ ಹೇಳಿಬಿಟ್ಟೆ. ಅವತ್ತಿನಿಂದ ಪತ್ರಿಕೆಯ ಕೆಳತುದಿಯ ಮೇಲೆ ಅವರ ಕನ್ನಡಕದ ಡಬ್ಬಿ ಕಾವಲು ಕೂತಿದೆ.

ಹಾಗಂತ ಅವರೇನು ಸತ್ಯಹರಿಶ್ಚಂದ್ರರಲ್ಲ. ಉತ್ತರ ನೋಡಿದ ಮೇಲೆ "ಗೊತ್ತಿತ್ತು, ಬಾಯಿಗೆ ಬರಲಿಲ್ಲ" ಎಂದರೆ ಅರ್ಧ ಅಂಕ. "ಅದನ್ನೇ ಹೇಳೋನಿದ್ದೆ, ನೀನು ಗ್ಯಾಸ್ ಬುಕ್ ಮಾಡಿದ್ರಾ ಅಂತ ಮಧ್ಯೆ ಬಾಯಿ ಹಾಕಿದೆ" ಎಂದರೆ ಪೂರ್ತಿ ಅಂಕ. ಪ್ರಶ್ನೆಯೇ ಸರಿಯಿಲ್ಲ ಎಂದು ತೀರ್ಪು ಕೊಟ್ಟರೂ ಅಂಕ ಅವರಿಗೇ. ಹೀಗೆ ಗುಣಾಕಾರ ಭಾಗಾಕಾರ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಎಂಟಕ್ಕಿಂತ ಕೆಳಗಿಳಿದವರು ಇಲ್ಲ.

ನಮ್ಮತ್ತೆಗೆ ಈ ಕಾಗದದ ಕ್ವಿಜ್ ಮೇಲೆ ಅಷ್ಟು ಮರ್ಯಾದೆಯಿಲ್ಲ. ಅವರದೇನಿದ್ದರೂ ಚಂದನ ವಾಹಿನಿಯ ʻಥಟ್ ಅಂತ ಹೇಳಿ!?ʼ. 2002ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳುವ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಅತ್ತೆಗೆ ಉತ್ತರದ ಚಿಂತೆಗಿಂತ ಉತ್ತರ ಹೇಳುವ ಮಕ್ಕಳ ಚಿಂತೆ. "ಪಾಪ, ಆ ಹುಡುಗಿಗೆ ಗೊತ್ತಿದೆ, ಹೆದರ್ಕೊಂಡಿದೆ ಅಷ್ಟೆ. ಒಂದು ಪುಸ್ತಕ ಕೊಟ್ಟುಬಿಡಿ ಡಾಕ್ಟ್ರೇ" ಎಂದು ಟೀವಿಗೆ ಶಿಫಾರಸು ಮಾಡುತ್ತಾರೆ. ಯಜಮಾನರಿಗೆ ಅರ್ಧ ಅಂಕದ ಬುದ್ಧಿ ಎಲ್ಲಿಂದ ಬಂತು ಎಂಬುದು ನನಗೆ ಹೊಳೆದದ್ದು ಆಗಲೇ.

ಇವರಿಬ್ಬರ ನಡುವೆ ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ನಾದಿನಿಯ ಮಗ ರಜೆಗೆ ಬಂದ. ಅಲ್ಲಿ 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಆ ಕಡೆ ಓಡಾಡಿ ಬಂದವರಿಗೆ ಅತಿ ಉದ್ದ, ಅತಿ ಎತ್ತರ, ಭಾರತದ ಮೊಟ್ಟಮೊದಲ ಎಂಬ ಪ್ರಶ್ನೆಗಳೆಂದರೆ ಮೂಗು ಮುರಿಯುವಷ್ಟು ಅಸಡ್ಡೆ. "ಉರು ಹೊಡೆದದ್ದನ್ನು ಕಕ್ಕೋದಲ್ಲ ಮಾಮ, ಯೋಚಿಸಿದರೆ ಸಿಗೋ ಥರ ಇರಬೇಕು" ಎಂದು ಒಂದು ಪ್ರಶ್ನೆ ಇಟ್ಟ. 1937ರಲ್ಲಿ ಮೈಸೂರಿನಲ್ಲಿ ಶುರುವಾದ ಒಂದು ಕಾರ್ಖಾನೆ. ಅದರ ಒಂದು ಸರಕು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆದರೂ ಈ ಮನೆಯ ಹಿರಿಯರೆಲ್ಲ ಅದನ್ನು ಮೈಮೇಲೆ ಹಾಕಿಕೊಂಡಿದ್ದೀರಿ. ಏನದು?

ಅತ್ತೆ ಗಂಧದ ಸಾಬೂನು ಎಂದರು. ಯಜಮಾನರು ರೇಷ್ಮೆ ಸೀರೆ ಎಂದು, ತಾವೂ ಅದನ್ನು ಉಟ್ಟಂತಾಯಿತೆಂದು ಹೊಳೆದು ವಾಪಸ್ ತಗೊಂಡರು. ನಾನು ಕನ್ನಡಕದ ಡಬ್ಬಿ ಕಡೆ ನೋಡಿದೆ. ಅಲ್ಲಿ ಈ ಉತ್ತರ ಇರಲಿಲ್ಲ. ಹುಡುಗ ಅಜ್ಜಿಯ ಎಡಗೈ ಹಿಡಿದು ತೋರುಬೆರಳನ್ನು ಎತ್ತಿ ತೋರಿಸಿದ. ಉಗುರಿನ ತುದಿಗೆ ಜರುಗಿದ್ದ ಒಂದು ಕಪ್ಪು ಗೆರೆ, ಇನ್ನೊಂದು ಸಲ ಉಗುರು ತೆಗೆದರೆ ಹೋಗುವಷ್ಟು. ಮೈಸೂರ್ ಪೇಂಟ್ಸ್ ಕಾರ್ಖಾನೆಯ ಮತದಾನದ ಶಾಯಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಬೆರಳಿಗೆ ಹಚ್ಚುತ್ತಿರುವುದು. ಅದರೊಳಗಿನ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಕಚ್ಚಿಕೊಂಡರೆ ಸೋಪಿಗೂ ಜಗ್ಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು. ನಾವು ಮೂವರೂ ಹಣೆ ಚಚ್ಚಿಕೊಂಡೆವು. ಒಳ್ಳೆಯ ಪ್ರಶ್ನೆ ಅಂದರೆ ಇದು, ನನ್ನನ್ನು ಕೇಳಿದರೆ. ಯಜಮಾನರು ಮಾತ್ರ "ಗೊತ್ತಿತ್ತು" ಎಂದರು, ಅರ್ಧ ಸ್ವರದಲ್ಲಿ.

ಅವರ ಕಷ್ಟವೇ ಬೇರೆ. ಸೋವಿಯತ್ ಒಕ್ಕೂಟ ಒಡೆದ ಹೊಸತರಲ್ಲಿ ಬ್ಯಾಂಕ್ ಪರೀಕ್ಷೆಗೆಂದು ಅವರು ದಪ್ಪನೆಯ ಒಂದು ಸಾಮಾನ್ಯ ಜ್ಞಾನದ ಪುಸ್ತಕವನ್ನು ಅರೆದು ಕುಡಿದಿದ್ದಾರೆ. ಕುಡಿದದ್ದೆಲ್ಲ ಈಗಲೂ ಹಾಗೇ ಇದೆ. ಪ್ರಪಂಚ ಮಾತ್ರ ಹಾಗಿಲ್ಲ. ಅವರು ಓದಿದಾಗ ಕರ್ನಾಟಕಕ್ಕೆ 20 ಜಿಲ್ಲೆ. ಆಮೇಲೆ 27, 29, 30. 2021ರಲ್ಲಿ ವಿಜಯನಗರವೂ ಸೇರಿ 31. ಗ್ರಹಗಳು ಒಂಬತ್ತಿದ್ದವು, 2006ರಲ್ಲಿ ಪ್ಲೂಟೊವನ್ನು ಹೊರಗೆ ಹಾಕಿದರು. ಎವರೆಸ್ಟಾದರೂ ನೆಟ್ಟಗೆ ನಿಂತಿರುತ್ತದೆ ಅಂದುಕೊಂಡರೆ 2020ರಲ್ಲಿ ಅದನ್ನು ಮತ್ತೆ ಅಳೆದು 8,848ರ ಮುಂದೆ 0.86 ಮೀಟರ್ ಅಂಟಿಸಿದರು. ಹೀಗಾಗಿ "ನಾನು ಓದಿದಾಗ ಅದೇ ಸರಿ ಇತ್ತು" ಎಂಬ ಹೊಸ ಕಲಮು ಸೇರಿದೆ. ಅದಕ್ಕೆ ಮುಕ್ಕಾಲು ಅಂಕ.

ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಯಾವುದು ಎಂದು ಬಂದಾಗ ಪ್ರಶ್ನೆ ಮುಗಿಯುವ ಮೊದಲೇ "ಖರಗ್‌ಪುರ" ಎಂದರು. ಖರಗ್‌ಪುರದಿಂದ ಆ ಪಟ್ಟ ಗೋರಖ್‌ಪುರಕ್ಕೆ ಹೋಗಿ, 2023ರಲ್ಲಿ 1,507 ಮೀಟರಿನ ಹುಬ್ಬಳ್ಳಿಗೆ ಬಂದು ಕೂತಿತ್ತು. ಅವತ್ತು ಹುಬ್ಬಳ್ಳಿಯಿಂದಲೇ ಬಂದಿಳಿದಿದ್ದ ನಮ್ಮ ಚಿಗವ್ವ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತ, "ನಮ್ಮೂರಾಗನ ಐತಿ ಬಿಡ್ರಿ ಅಳಿಯಂದ್ರ. ಆ ಕಡಿಯಿಂದ ಈ ಕಡಿಗೆ ನಡದ್ರ ತಿಂದ ಗಿರಮಿಟ್ ಕರಗಿ ಹೋಗತೈತಿ" ಎಂದಳು. ಜೀವಮಾನದಲ್ಲಿ ಒಂದು ಕ್ವಿಜ್‌ಗೂ ಕೂತವಳಲ್ಲ. ಅವಳಿಗೆ ಅಂಕ ಕೊಡಬೇಕೋ ಬೇಡವೋ ಎಂದು ಊಟದವರೆಗೂ ಚರ್ಚೆ ನಡೆಯಿತು. ನಡೆದು ನೋಡಿ ಹೇಳುವುದು ಜ್ಞಾನವಲ್ಲ, ಬರೀ ಅನುಭವ ಎಂಬುದು ಯಜಮಾನರ ವಾದ.

ಮೊನ್ನೆ ಕೊನೆಯ ಪ್ರಶ್ನೆಯಾಗಿ ಕಜಕಿಸ್ತಾನದ ರಾಜಧಾನಿಯನ್ನು ಕೇಳಿದ್ದರು. ಪಾಪ, ಅವರು ಕಲಿತದ್ದು ಅಲ್ಮಾಟಿ. 1997ರಲ್ಲಿ ರಾಜಧಾನಿಯನ್ನು ಅಕ್ಮೋಲಾಕ್ಕೆ ಎತ್ತಿಕೊಂಡು ಹೋದರು. ಮರುವರ್ಷ ಅದಕ್ಕೆ ಅಸ್ತಾನಾ ಎಂದು ಹೆಸರಿಟ್ಟರು. ಅದನ್ನು ಅವರು ಬಾಯಿಪಾಠ ಮಾಡಿ ನೆಮ್ಮದಿಯಾಗಿದ್ದಾಗ 2019ರಲ್ಲಿ ನೂರ್‌ಸುಲ್ತಾನ್ ಎಂದಾಯಿತು, 2022ರಲ್ಲಿ ತಿರುಗಿ ಅಸ್ತಾನಾ. ಯಜಮಾನರು ಕನ್ನಡಕ ತೆಗೆದು ಒರೆಸಿದರು. ಪತ್ರಿಕೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ ಕೇಳಿದರು:

"ಅಲ್ಲ ಕಣೇ, ಇದು ರಾತ್ರಿ ಎಷ್ಟು ಗಂಟೆಗೆ ಅಚ್ಚಾಗಿರಬಹುದು?"