ಶ್ರೀಮಾನ್ ‘ಮಾನ್ಸೂನ್ಡ್’ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಹಾನುಬಾಳಿನ ಕಾಫಿ ಬೆಳೆಗಾರನ ನಮಸ್ಕಾರಗಳು. ‘ಮಾನ್ಸೂನ್ಡ್ ಮಲಬಾರ್’ ಎಂಬ ತಮ್ಮ ಪೂರ್ಣ ನಾಮಧೇಯವನ್ನು ವಿದೇಶಿ ಕಾಫಿ ಪೊಟ್ಟಣದ ಮೇಲೆ ಓದಿ ಪುಳಕಿತನಾದೆ. ಮುಂಗಾರಿಗೆ ಒಡ್ಡಿದ್ದು ಎಂದು ತಮ್ಮ ಅರ್ಥವಂತೆ. ಆ ಲೆಕ್ಕಕ್ಕೆ ನಾನು, ನನ್ನ ಮನೆಯ ಹೆಂಚು, ಹಗ್ಗದ ಮೇಲೆ ವಾರವಾದರೂ ಒಣಗದ ಬಟ್ಟೆ, ಎಲ್ಲವೂ ಮಾನ್ಸೂನ್ಡ್. ಯಾರೂ ಹೆಚ್ಚಿನ ಬೆಲೆ ಕೊಟ್ಟಿಲ್ಲ.

ತಾವು ಹಡಗಿನ ಮನೆತನದವರು. ಹಾಯಿ ಬಿಚ್ಚುವ ಕಾಲವನ್ನು ಅರಬ್ಬರು ‘ಮೌಸಿಮ್’ ಅಂದರು. ಅದು ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷರ ಕೈಗೆ ಸಿಕ್ಕು, ಕೊನೆಗೆ ಕಾಫಿಬೀಜಕ್ಕೆ ಅಂಟಿಕೊಂಡಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮುಂಚೆ ನಮ್ಮ ಕಡೆಯ ಕಾಫಿ ಆಫ್ರಿಕಾದ ತುದಿ ಬಳಸಿ ಯುರೋಪು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮರದ ಹಡಗಿನ ತೇವಕ್ಕೆ ಹಸಿರು ಬೀಜ ಊದಿ, ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಕಣದಲ್ಲಿ ಹೀಗಾದರೆ ನಾವು ತಲೆ ಮೇಲೆ ಕೈ ಹೊರುತ್ತೇವೆ. ಅಲ್ಲಿನವರಿಗೆ ಅದೇ ರುಚಿ ಹತ್ತಿತು. ಹಡಗುಗಳು ಚುರುಕಾಗಿ ಬೀಜ ಹಸಿರಾಗಿಯೇ ತಲುಪತೊಡಗಿದಾಗ, ಹಳೆಯದೇ ಬೇಕೆಂದು ಹಟ ಹಿಡಿದರಂತೆ.

ಹಾಗಾಗಿ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಈಗ ಹಡಗಿಲ್ಲದ ಸಮುದ್ರಯಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಕ್ಕ ತೆರೆದ ಗೋದಾಮಿನಲ್ಲಿ ಚೆರ್ರಿ ಕಾಫಿಯ ಬೀಜ ಹರವಿ, ಆಗಾಗ ಕೆದರಿ, ಸಡಿಲವಾಗಿ ಚೀಲಕ್ಕೆ ತುಂಬಿ, ನಡುವೆ ಗಾಳಿಯಾಡಲು ಜಾಗ ಬಿಟ್ಟು ಒಟ್ಟುತ್ತಾರೆ. ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ಮಳೆಗಾಳಿ ತಾಗಬೇಕು, ಮಳೆಹನಿ ತಾಗಕೂಡದು. ಆ ನಾಜೂಕಿಗೆ ನಿಜಕ್ಕೂ ಕೈ ಮುಗಿಯುತ್ತೇನೆ. ಜಿಐ ಟ್ಯಾಗೂ ಸಿಕ್ಕಿದೆ, ಸಂತೋಷ. ಶಿರಾಡಿ ಘಾಟಿ ಇಳಿದ ಕಾಫಿ ‘ಮಲಬಾರ್’ ಹೇಗಾಯಿತು ಎಂದು ಕೇಳುವುದಿಲ್ಲ. ಹಳೇ ದೊರೆಗಳಿಗೆ ಪಡುವಣ ಕರಾವಳಿಯೆಲ್ಲ ಮಲಬಾರೇ.

ನನ್ನ ಅಹವಾಲು ಬೇರೆ. ಡಿಸೆಂಬರ್‌ನಲ್ಲಿ ಹಣ್ಣು ಕುಯ್ದು ಕಣದಲ್ಲಿ ಹರವಿದ್ದಾಗ ಅಕಾಲದ ಮಳೆ ಬಂತು. ನಡುರಾತ್ರಿ ಟಾರ್ಪಾಲು ಎಳೆದಾಡಿದರೂ ಅಡಿಯದಕ್ಕೆಲ್ಲ ಬೂಷ್ಟು. ಕೊಳ್ಳಲು ಬಂದವನು ಮಾಯಿಶ್ಚರ್ ಮೀಟರ್ ನೋಡಿದ, ಒಂದು ಬೀಜ ಹಲ್ಲಿಗೆ ಕೊಟ್ಟ, ಮೂಟೆಗಿಷ್ಟು ಕಡಿತ ಅಂದ.

“ಇದೂ ಮಾನ್ಸೂನ್ಡೇ ಅಲ್ವೇನ್ರೀ?” ಎಂದೆ.

“ಅದು ಮಂಗಳೂರಲ್ಲಿ ಆಗ್ಬೇಕು ಗೌಡ್ರೇ. ಇಲ್ಲಾದ್ರೆ ಒದ್ದೆ ಕಾಫಿ.”

ಆದ್ದರಿಂದ ಪ್ರಾರ್ಥನೆ ಇಷ್ಟೇ: ಡಿಸೆಂಬರ್ ಮಳೆಗೂ ತಮ್ಮ ಬಂಧುಬಳಗದಲ್ಲಿ ಯಾವುದಾದರೂ ಹಡಗಿನ ಪದ ಖಾಲಿ ಕೂತಿದ್ದರೆ ಇತ್ತ ಕಳಿಸಿ. ಮುಂದಿನ ಕುಯಿಲಿಗೆ ಮೀಟರಿನೆದುರು ಹೇಳಿ ನೋಡುತ್ತೇನೆ.

ಇಂತಿ ತಮ್ಮ ವಿಧೇಯ,
ಹಾನುಬಾಳಿನ ಒದ್ದೆ ಬೆಳೆಗಾರ