ತೆರಿಗೆಯೂ ತೋಪೂ: ಒಂದು ಅಧ್ಯಯನ

ಬಾಸ್ಟನ್ ಸುತ್ತಮುತ್ತಲ ಕನ್ನಡ ಕುಟುಂಬಗಳಲ್ಲಿ ಏಪ್ರಿಲ್ 15ರ ಆಸುಪಾಸಿಗೆ ಪಂಚಾಂಗದಲ್ಲಿಲ್ಲದ ಹಬ್ಬವೊಂದು ಬರುತ್ತದೆ. ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆಯ ವಿವರವನ್ನು ಸಲ್ಲಿಸಿ ಕೈತೊಳೆದುಕೊಂಡ ಗೃಹಸ್ಥನು ವಾದ್ಯವೃಂದದ ಅಬ್ಬರದ ಸಂಗೀತವನ್ನು ಗೋಡೆ ನಡುಗುವಂತೆ ಹಾಕುವುದೇ ಇದರ ಮುಖ್ಯ ವಿಧಿ.

ಹಬ್ಬಕ್ಕೆ ಮುಂಚಿನ ವ್ರತ ಕಠಿಣವಾದುದು. ಅಮೆರಿಕದ ತೆರಿಗೆ ವರ್ಷ ಜನವರಿಯಿಂದಲೂ ಭಾರತದ್ದು ಏಪ್ರಿಲಿನಿಂದಲೂ ಮೊದಲಾಗುವುದರಿಂದ, ಮೈಸೂರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯನ್ನು ಎರಡು ಹಣಕಾಸು ವರ್ಷಗಳಿಂದ ಹೆಕ್ಕಿ, ಡಾಲರಿಗೆ ಪರಿವರ್ತಿಸಿ, ಫಾರ್ಮ್ 1040 ಎಂಬ ನಮೂನೆಗೆ ಸೇರಿಸಬೇಕು. ಇದಕ್ಕಾಗಿ ಊರಿನಲ್ಲಿರುವ ತಂದೆ ಪಾಸ್‌ಬುಕ್ಕಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುತ್ತಾರಾದರೂ, ಅದರಲ್ಲಿ ಅಂಕಿಗಳಿಗಿಂತ ಅವರ ಹೆಬ್ಬೆರಳೇ ಸ್ಪಷ್ಟವಾಗಿರುತ್ತದೆ.

ಇಷ್ಟಾದ ಮೇಲೆ ಮೊಳಗುವುದು ರಷ್ಯದ ಚೈಕೋವ್‌ಸ್ಕಿ 1880ರಲ್ಲಿ ರಚಿಸಿದ ‘1812 ಓವರ್ಚರ್’. ಓವರ್ಚರ್ ಎಂದರೆ ಮೂಲತಃ ಸಂಗೀತನಾಟಕಕ್ಕೆ ಮುನ್ನ ನುಡಿಸುವ ಪೀಠಿಕೆ. ಇಲ್ಲಿ ಪೀಠಿಕೆಯ ಮುಂದೆ ನಾಟಕವಿಲ್ಲದ ಕೊರತೆಯನ್ನು ಗಂಟೆಗಳೂ ಫಿರಂಗಿಗಳೂ ತುಂಬುತ್ತವೆ. ಮಾಸ್ಕೋ ಹೊಕ್ಕು, ಗೆದ್ದೆನೆಂದೇ ಬಗೆದು, ಶರಣಾಗಲು ಯಾರೂ ಬಾರದೆ ಚಳಿಯಲ್ಲಿ ಹಿಂದಿರುಗಿದ ನೆಪೋಲಿಯನ್ನನ ಸೋಲನ್ನು ಸಾರುವ ಕೃತಿಯಿದು. ಇದು ಬರೀ ಗದ್ದಲ, ಪ್ರೀತಿಯಿಂದ ಬರೆದದ್ದಲ್ಲವೆಂದು ಕರ್ತೃವೇ ಪತ್ರವೊಂದರಲ್ಲಿ ತಿಳಿಸಿದ್ದರೂ, 1974ರ ಜುಲೈ 4ರಂದು ಬಾಸ್ಟನ್ ಪಾಪ್ಸ್ ವಾದ್ಯವೃಂದ ಚಾರ್ಲ್ಸ್ ನದಿಯ ದಂಡೆಯಲ್ಲಿ ನಿಜವಾದ ಫಿರಂಗಿಗಳೊಡನೆ ನುಡಿಸಿದಂದಿನಿಂದ ಅದು ಊರಿನ ಸ್ವಂತ ಸಂಗೀತವೇ ಆಗಿಬಿಟ್ಟಿದೆ.

ಆದರೆ ಈ ವಿಜಯೋತ್ಸವದ ನಿಷ್ಠುರ ವಿಮರ್ಶೆ ನಡೆಯುವುದು ಮನೆಯೊಳಗೆ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅತ್ತೆಗೆ ತೋಪಿನ ಸದ್ದು ಹೊಸತಲ್ಲ. ವಿಜಯದಶಮಿಯಂದು ಅಂಬಾರಿಯ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ 21 ಕುಶಾಲತೋಪುಗಳು, ಅಂದರೆ ಗೌರವಾರ್ಥವಾಗಿ ಗುಂಡಿಲ್ಲದೆ ಹಾರಿಸುವ ತೋಪುಗಳು, ಸಿಡಿಯುವುದನ್ನು ಕೇಳಿಯೇ ಬೆಳೆದವರು ಅವರು. ಚೈಕೋವ್‌ಸ್ಕಿ ನಡುವೆ ಐದು, ಕೊನೆಗೆ ಹನ್ನೊಂದು, ಹೀಗೆ ಒಟ್ಟು 16 ತೋಪುಗಳನ್ನಷ್ಟೇ ವಿಧಿಸಿರುವುದರಿಂದ, ಬೆಚ್ಚಿ ಎದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಲೇ ಬೆರಳೆಣಿಸಿದ ಅತ್ತೆ, ಅಳಿಯನನ್ನು ನೇರವಾಗಿ ಕೇಳುವುದು ಸಲ್ಲದೆಂದು ಮಗಳತ್ತ ತಿರುಗುತ್ತಾರೆ:

“ಹದಿನಾರೇ ಆಯ್ತಲ್ಲೇ, ಇನ್ನೈದು ಎಲ್ಲಿ?”

“ಸ್ಟೇಟ್ ರಿಟರ್ನ್ ಇನ್ನೂ ಬಾಕಿ ಇದೆಯಲ್ಲಮ್ಮ, ಅದಕ್ಕಿರಲಿ.”