ಇದ್ದೂ ಇಲ್ಲದ ಮಾಡ್ಯೂಲು

ಸಾಮಾನು ಇಲ್ಲದಿದ್ದಾಗ ಬರುವ ಸಿಟ್ಟು ಒಂದು ಬಗೆಯದು. ಈಗಷ್ಟೇ ತಂದಿಟ್ಟದ್ದನ್ನು ಯಾರಾದರೂ "ಇಲ್ಲವೇ ಇಲ್ಲ" ಎಂದು ಸಾಧಿಸಿದಾಗ ಬರುವ ಸಿಟ್ಟಿನ ಖಾರವೇ ಬೇರೆ. ಪೈಥಾನ್ ಕಲಿಯಲು ಕೂತವರಿಗೆ ಈ ಎರಡನೆಯದರ ಸಮಾರಾಧನೆ ಶುರುವಿನಲ್ಲೇ ಆಗಿಬಿಡುತ್ತದೆ.

ಬಂಧುಬಳಗದಲ್ಲಿ ಕಂಪ್ಯೂಟರ್ ಕೆಲಸದವನೊಬ್ಬನಿದ್ದರೆ ಪ್ರಿಂಟರ್ ಮುನಿಸಿಕೊಂಡರೂ, ಓಟಿಪಿ ಬಾರದಿದ್ದರೂ ಅವನಿಗೇ ಫೋನು. ನನ್ನ ಪಾಲಿಗೆ ಆ ಪಟ್ಟಿಗೆ ಈಗ ಪೈಥಾನೂ ಸೇರಿದೆ. ಡೇಟಾ ಸೈನ್ಸ್ ಕಲಿಯುತ್ತಿರುವ ಅಕ್ಕನ ಮಗಳು ಊಟದ ಹೊತ್ತಿಗೆ ಸರಿಯಾಗಿ ಫೋನು ಮಾಡಿದಳು.

"ಮಾಮ, ಪಾಂಡಾಸ್ ಹಾಕಿದ್ದೀನಿ. 'ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್' ಅಂತ ಅದೇ ಹೇಳ್ತು. ಈಗ 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್' ಅಂತಾನೂ ಅದೇ ಹೇಳ್ತಿದೆ. ತಲೆ ಸರಿ ಇದೆಯಾ ಇದಕ್ಕೆ?"

"ಎರಡು ಸಲ 'ಅದೇ' ಅಂದೆಯಲ್ಲ, ಎರಡೂ ಸಲ ಅದೇನಾ ಅಂತ ನೋಡಿದೆಯಾ?" ಎಂದೆ.

ಒಂದು ಲ್ಯಾಪ್‌ಟಾಪಿನಲ್ಲಿ ಒಂದೇ ಪೈಥಾನ್ ಇರುತ್ತದೆ ಎಂಬುದು ನಮ್ಮ ಭ್ರಮೆ. ಯಂತ್ರದ ಜೊತೆ ಬಂದದ್ದೊಂದು, ಕಾಲೇಜಿನವರು ಹಾಕಿಸಿದ ಅನಕೊಂಡದ್ದೊಂದು, ಪ್ರಾಜೆಕ್ಟಿನ ಫೋಲ್ಡರಿನಲ್ಲಿ ವೆನ್ವ್ ಎಂಬ ಬೇರೆ ಬಿಡಾರದಲ್ಲಿ ಇನ್ನೊಂದು. ಈ ಬಿಡಾರದ ವ್ಯವಸ್ಥೆ 2012ರ 3.3ನೇ ಆವೃತ್ತಿಯಿಂದ ಪೈಥಾನಿನ ಜೊತೆಗೇ ಬರುತ್ತದೆ. ಒಂದು ಪ್ರಾಜೆಕ್ಟಿಗೆ ಹಳೆಯ ಪಾಂಡಾಸ್ ಬೇಕು, ಇನ್ನೊಂದಕ್ಕೆ ಹೊಸದು ಬೇಕು ಎಂದಾಗ ಜಗಳವಾಗದಿರಲಿ ಎಂದು ಮಾಡಿದ್ದು. ಜಗಳವೇನೋ ತಪ್ಪಿತು, ಸಾಮಾನು ಯಾರ ಬಿಡಾರಕ್ಕೆ ಹೋಯಿತು ಎಂಬ ಹುಡುಕಾಟ ಶುರುವಾಯಿತು.

ಟರ್ಮಿನಲ್ಲಿನಲ್ಲೂ ಎಡಿಟರಿನಲ್ಲೂ 'ಇಂಪೋರ್ಟ್ ಸಿಸ್' ಎಂದು ಬರೆಸಿ, 'ಸಿಸ್.ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿಸಿದೆ. ಎರಡು ವಿಳಾಸ ಬಂತು. ಸಾಮಾನು ತರಿಸಿಕೊಡುವ ಪಿಪ್ ಒಂದು ಪೈಥಾನಿಗೆ ತಂದುಕೊಟ್ಟಿತ್ತು, ಎಡಿಟರು ಇನ್ನೊಂದನ್ನು ಓಡಿಸುತ್ತಿತ್ತು. ಬರಿಯ 'ಪಿಪ್ ಇನ್‌ಸ್ಟಾಲ್' ಬದಲು 'ಪೈಥಾನ್ ಮೈನಸ್ ಎಂ ಪಿಪ್ ಇನ್‌ಸ್ಟಾಲ್' ಎಂದು ಬರೆದರೆ ಕೇಳಿದ ಪೈಥಾನಿಗೇ ಸಾಮಾನು ಬರುತ್ತದೆ.

ಮಾರನೆಯ ದಿನ ಮತ್ತೆ ಫೋನು. ಈ ಸಲ ಪೈಥಾನಿನೊಳಗೇ ಇರುವ 'ರ್‍ಯಾಂಡಮ್' ಮಾಡ್ಯೂಲು ಕೈಕೊಟ್ಟಿತ್ತು. 'ರ್‍ಯಾಂಡಿಂಟ್' ಎಂಬುದು ಅದರಲ್ಲಿ ಇಲ್ಲವಂತೆ. ನಿನ್ನ ಫೈಲಿಗೆ ಏನು ಹೆಸರಿಟ್ಟಿದ್ದೀಯ ಎಂದು ಕೇಳಿದೆ. "ರ್‍ಯಾಂಡಮ್ ಡಾಟ್ ಪಿವೈ. ಅಭ್ಯಾಸ ಅದರದ್ದೇ ಅಲ್ವಾ?" ಎಂದಳು. ಪೈಥಾನ್ ಹುಡುಕುವ ದಾರಿಗಳ ಪಟ್ಟಿ 'ಸಿಸ್.ಪಾತ್'ನಲ್ಲಿರುತ್ತದೆ. ಓಡುತ್ತಿರುವ ಫೈಲು ಯಾವ ಫೋಲ್ಡರಿನಲ್ಲಿದೆಯೋ ಆ ಫೋಲ್ಡರಿಗೇ ಸಾಮಾನ್ಯವಾಗಿ ಮೊದಲ ಮಣೆ. ಹೆಸರು ಹೊಂದಿದ್ದು ಅಲ್ಲೇ ಸಿಕ್ಕಿತೋ, ಮುಂದೆ ಹುಡುಕುವ ಗೋಜಿಗೇ ಅದು ಹೋಗುವುದಿಲ್ಲ. ಹೀಗೆ ಅವಳ ಫೈಲು ತನ್ನನ್ನೇ ತಾನು ಇಂಪೋರ್ಟ್ ಮಾಡಿಕೊಂಡು, ತನ್ನಲ್ಲಿಲ್ಲದ್ದನ್ನು ತನ್ನಲ್ಲೇ ಹುಡುಕುತ್ತಿತ್ತು. ಎಷ್ಟು ಮಂದಿ ಇಲ್ಲಿ ಎಡವಿದರೋ, 2024ರಲ್ಲಿ ಬಂದ 3.13ನೇ ಆವೃತ್ತಿ "ಫೈಲಿನ ಹೆಸರು ಬದಲಿಸಿ ನೋಡಿ" ಎಂದು ತಾನೇ ಸೂಚಿಸುತ್ತದೆ.

ಇನ್ನು ಹೆಸರಿನ ತಕರಾರು. ರೇಷನ್ ಕಾರ್ಡಿನಲ್ಲಿ ಲಕ್ಷ್ಮೀನರಸಿಂಹಯ್ಯ ಎಂದಿರುವವರು ಬೀದಿಗೆಲ್ಲ ಅಚ್ಚಣ್ಣ ಆಗಿರುವಂತೆ, ಇಲ್ಲೂ ತರಿಸುವ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ತರಿಸುವುದು ಓಪನ್‌ಸಿವಿ-ಪೈಥಾನ್, ಕರೆಯುವುದು ಸಿವಿ2. ಬ್ಯೂಟಿಫುಲ್‌ಸೂಪ್4 ಮನೆಗೆ ಬಂದಮೇಲೆ ಬರಿಯ ಬಿಎಸ್4. ಪಿಲ್ಲೋ ಎಂದು ತರಿಸಿದ್ದನ್ನು ಪಿಲ್ ಎಂದು ಕರೆಯಬೇಕು. ಅದಕ್ಕೊಂದು ಕಾರಣವಿದೆ: ಪೈಥಾನ್ ಇಮೇಜಿಂಗ್ ಲೈಬ್ರರಿ ಎಂಬ ಹಳೆಯದರ ಕೆಲಸ ನಿಂತುಹೋದಾಗ ಪಿಲ್ಲೋ ಅದರಿಂದ ಕವಲೊಡೆದು ಬಂತು. ಹಳೆಯ ಪ್ರೋಗ್ರಾಮುಗಳು ಅನಾಥವಾಗದಿರಲೆಂದು ಕರೆಯುವ ಹೆಸರನ್ನು ಹಾಗೇ ಉಳಿಸಿಕೊಂಡಿತು. ಪಾಪ, ಒಳ್ಳೆಯ ಉದ್ದೇಶವೇ.

ಈ ಎಲ್ಲ ಸಾಮಾನು ಬರುವ ಉಗ್ರಾಣ ಪೈಪಿಐ. ಅದರ ಅಡ್ಡಹೆಸರು ಚೀಸ್ ಶಾಪ್. ಗೈಡೋ ವ್ಯಾನ್ ರೋಸಮ್ ತಮ್ಮ ಭಾಷೆಗೆ ಹೆಸರಿಟ್ಟದ್ದು ಹಾವನ್ನು ನೋಡಿ ಅಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ. ಅವರದೊಂದು ಪ್ರಹಸನದಲ್ಲಿ ಗಿರಾಕಿ ಚೀಸಿನಂಗಡಿಗೆ ಬಂದು ಹತ್ತಾರು ಬಗೆಯ ಚೀಸ್ ಕೇಳುತ್ತಾ ಹೋಗುತ್ತಾನೆ, ಅಂಗಡಿಯವನು ಒಂದೊಂದಕ್ಕೂ ವಿನಯದಿಂದ ಇಲ್ಲ ಎನ್ನುತ್ತಾನೆ. ಚೀಸಿನಂಗಡಿಯಲ್ಲಿ ಚೀಸೇ ಇರುವುದಿಲ್ಲ! ನಮ್ಮ ಉಗ್ರಾಣವೇನೋ ತುಂಬಿ ತುಳುಕುತ್ತಿದೆ, ಆದರೂ ಆ ವಿನಯದ "ಇಲ್ಲ" ಮಾತ್ರ ಪರಂಪರೆಯಾಗಿ ಉಳಿದಿದೆ.

ನ್ಯಾಯವಾಗಿ ಹೇಳಬೇಕೆಂದರೆ ಪೈಥಾನ್ ಸುಳ್ಳು ಹೇಳುವುದಿಲ್ಲ. "ನಾನು ಹುಡುಕಿದ ಕಡೆ ಇಲ್ಲ" ಎಂಬಷ್ಟೇ ಅದರ ಮಾತು. ಜಗತ್ತಿನಲ್ಲೇ ಇಲ್ಲ ಎಂದು ಕೇಳಿಸಿಕೊಂಡು, ಅದೇ ಸಾಮಾನನ್ನು ಅದೇ ತಪ್ಪು ಬಿಡಾರಕ್ಕೆ ಮತ್ತೆ ಮತ್ತೆ ತರಿಸುವವರು ನಾವು. ಕೆಂಪು ಅಕ್ಷರಗಳ ಕೊನೆಯ ಸಾಲು ಓದಿ, ಯಾರು ಹುಡುಕಿದರು, ಎಲ್ಲಿ ಹುಡುಕಿದರು, ಯಾವ ಹೆಸರಿಂದ ಹುಡುಕಿದರು ಎಂದು ವಿಚಾರಿಸಿದರೆ ಮುಕ್ಕಾಲು ಪಾಲು ವ್ಯಾಜ್ಯ ಅಲ್ಲೇ ರಾಜಿಯಾಗುತ್ತದೆ.

ಇಷ್ಟು ಉಪದೇಶ ಕೇಳಿ ಸುಸ್ತಾದ ಹುಡುಗಿಗೆ ಸಮಾಧಾನವಾಗಲೆಂದು 'ಇಂಪೋರ್ಟ್ ಆಂಟಿಗ್ರಾವಿಟಿ' ಎಂದು ಬರೆಸಿದೆ. ಪೈಥಾನಿನ ಜೊತೆಗೇ ಬರುವ ತಮಾಷೆ ಅದು. ಬ್ರೌಸರಿನಲ್ಲಿ ಒಂದು ವ್ಯಂಗ್ಯಚಿತ್ರ ತೆರೆದುಕೊಳ್ಳುತ್ತದೆ, ಅದರಲ್ಲೊಬ್ಬ ಪೈಥಾನ್ ಕಲಿತದ್ದೇ ನೆಪವಾಗಿ ಗಾಳಿಯಲ್ಲಿ ತೇಲುತ್ತಿರುತ್ತಾನೆ.

"ಸರಿ ಹೋಯ್ತು ಮಾಮ," ಎಂದಳು. "ಹಾರೋ ಮಾಡ್ಯೂಲು ಮೊದಲ ಸಲಕ್ಕೇ ಸಿಗುತ್ತೆ, ಅಸೈನ್‌ಮೆಂಟಿಗೆ ಬೇಕಾದ್ದು ಮಾತ್ರ ಸಿಗಲ್ಲ!"